ಕೀಲಿ ಎಂದರೆ ಜಾಗವೋ, ಅಕ್ಷರವೋ?

ಅಹಮದಾಬಾದಿನ ಈಶಾನ್ಯ ಅಂಚಿನ ನರೋಡಾ ಕಾರ್ಖಾನೆಗಳ ಊರು. 1966ರಲ್ಲಿ ಧೀರೂಭಾಯಿ ಅಂಬಾನಿ ರಿಲಯನ್ಸ್‌ನ ಬಟ್ಟೆ ಗಿರಣಿ ತೆರೆದದ್ದು ಇಲ್ಲೇ. ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮದ ದೊಡ್ಡ ವಸಾಹತು ಇರುವುದೂ ಇಲ್ಲೇ. ಕೆಲಸ ಹುಡುಕಿಕೊಂಡು ಇಂಥ ಊರುಗಳಿಗೆ ಬಂದು ನೆಲೆಸಿದ ಹೊರರಾಜ್ಯದ ಕುಟುಂಬಕ್ಕೆ ಒಂದು ಭಾಷೆಯಲ್ಲಿ ಬದುಕು ಸಾಗುವುದಿಲ್ಲ. ಅಲ್ಲಿ ಒಂದು ಕನ್ನಡದ ಮನೆಯನ್ನು ಊಹಿಸಿಕೊಳ್ಳಿ. ಕಚೇರಿ ಕೆಲಸಕ್ಕೆ ಇಂಗ್ಲಿಷ್ ಬೇಕು. ಒಂದರಿಂದ ಎಂಟನೇ ತರಗತಿಯವರೆಗೆ ಗುಜರಾತಿ ಕಲಿಕೆಯನ್ನು 2023ರ ಕಾಯ್ದೆ ಕಡ್ಡಾಯ ಮಾಡಿದ ಮೇಲೆ ಮಕ್ಕಳ ಶಾಲೆಗೆ ಗುಜರಾತಿ ಬೇಕು. ಊರಿನಲ್ಲಿರುವ ಅಜ್ಜ ಅಜ್ಜಿಗೆ ಬರೆಯಲು ಕನ್ನಡ ಬೇಕು. ಮನೆಗೆ ಇರುವುದು ಒಂದೇ ಕಂಪ್ಯೂಟರ್, ಒಂದೇ ಕೀಲಿಮಣೆ. ಅದರಲ್ಲಿ ಮೂರು ಭಾಷೆಗಳನ್ನು ಕೂರಿಸಲಾಗಿದೆ.

ಸಂಜೆ ಮಕ್ಕಳು ಬ್ರೌಸರಿನಲ್ಲಿ ಒಂದು ಆಟ ತೆರೆಯುತ್ತಾರೆ. ಡಬ್ಲ್ಯು ಒತ್ತಿದರೆ ಮುಂದೆ, ಎಸ್ ಒತ್ತಿದರೆ ಹಿಂದೆ, ಎ ಮತ್ತು ಡಿ ಒತ್ತಿದರೆ ಎಡಕ್ಕೆ ಬಲಕ್ಕೆ ಎಂದು ಪರದೆ ಹೇಳುತ್ತದೆ. ಒತ್ತಿದರೆ ಗೊಂಬೆ ಅಲುಗುವುದಿಲ್ಲ. ಬಾಣದ ಕೀಲಿಗಳು ಮಾತ್ರ ಸರಿಯಾಗಿ ನಡೆಯುತ್ತವೆ. ಕೀಲಿಮಣೆ ಕೆಟ್ಟಿದೆ ಎಂದು ತಿಳಿದು ಹೊಸದನ್ನು ತಂದರೂ ಗೊಂಬೆ ಅಲ್ಲೇ ನಿಂತಿರುತ್ತದೆ. ಕೊನೆಗೆ ಯಾರೋ ಒಬ್ಬರು ಸಲಹೆ ಕೊಡುತ್ತಾರೆ: ಬೇರೆ ಭಾಷೆಗಳನ್ನೆಲ್ಲ ತೆಗೆದುಹಾಕಿ, ಇಂಗ್ಲಿಷ್ ಒಂದನ್ನೇ ಇಟ್ಟುಕೊಳ್ಳಿ. ತೆಗೆದರೆ ಆಟ ನಡೆಯುತ್ತದೆ. ಶಾಲೆಯ ಕೆಲಸಕ್ಕೆ ಗುಜರಾತಿಯನ್ನು ಮತ್ತೆ ಹಾಕಿಕೊಳ್ಳಲೇಬೇಕಾಗುತ್ತದೆ. ಕನ್ನಡವನ್ನು ಮತ್ತೆ ಹಾಕಲು ಯಾರಿಗೂ ಅಷ್ಟು ಅವಸರವಿರುವುದಿಲ್ಲ.

ಇಲ್ಲಿ ಕೆಟ್ಟದ್ದು ಕೀಲಿಮಣೆಯಲ್ಲ. ತಪ್ಪು ಕನ್ನಡದ್ದೂ ಅಲ್ಲ. ಕೀಲಿ ಎಂದರೆ ಒಂದು ಜಾಗವೋ, ಒಂದು ಅಕ್ಷರವೋ ಎಂಬ ಪ್ರಶ್ನೆಗೆ ಕಂಪ್ಯೂಟರಿನ ಬೇರೆ ಬೇರೆ ಪದರಗಳು ಬೇರೆ ಬೇರೆ ಕಾಲದಲ್ಲಿ ಕೊಟ್ಟ ಉತ್ತರಗಳು ಒಂದಕ್ಕೊಂದು ಹೊಂದದೆ ಹೋದದ್ದರ ಫಲ ಇದು. ಆ ಉತ್ತರಗಳ ಚರಿತ್ರೆ ಗೊತ್ತಿದ್ದರೆ ತೊಂದರೆ ಎಲ್ಲಿದೆ ಎಂದು ಹುಡುಕುವುದು ಸುಲಭ.

ಅಚ್ಚಿನ ಮೊಳೆಯಿಂದ ಅಂಕಿಗೆ

ಬೆರಳಚ್ಚು ಯಂತ್ರದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅಮೆರಿಕದ ಕ್ರಿಸ್ಟೋಫರ್ ಲೇಥಂ ಶೋಲ್ಸ್ ಮತ್ತು ಜೊತೆಗಾರರು ರೂಪಿಸಿದ ಯಂತ್ರವನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂದಿತು. ಇಂದಿನ ಕ್ವರ್ಟಿ ಜೋಡಣೆ ಬಂದದ್ದು ಅದರಿಂದ. ಕೀಲಿ ಒತ್ತಿದರೆ ಅದಕ್ಕೆ ಕಟ್ಟಿದ ಕಡ್ಡಿಯ ತುದಿಯ ಅಚ್ಚಿನ ಮೊಳೆ ಕಾಗದಕ್ಕೆ ಬಡಿಯುತ್ತಿತ್ತು. ಜಾಗವೂ ಅಕ್ಷರವೂ ಕಬ್ಬಿಣದಲ್ಲಿ ಬೆಸೆದುಕೊಂಡಿದ್ದವು. 1878ರ ಎರಡನೇ ಮಾದರಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎರಡೂ ಬಂದವು. ಒಂದೇ ಕಡ್ಡಿಯ ಮೇಲೆ ಎರಡು ಅಚ್ಚು ಕೂರಿಸಿ, ಬೇಕಾದ ಅಚ್ಚು ಬಡಿಯುವಂತೆ ಕಾಗದ ಹೊತ್ತ ಭಾಗವನ್ನೇ ಸರಿಸುವ ಕೀಲಿ ಅದರಲ್ಲಿತ್ತು. ಶಿಫ್ಟ್ ಎಂಬ ಹೆಸರು ಆ ಸರಿಸುವಿಕೆಯಿಂದ ಬಂತು.

ಕನ್ನಡಕ್ಕೆ ಈ ಯಂತ್ರ ಬಂದಾಗ ಕಷ್ಟ ಹೆಚ್ಚಾಯಿತು. ಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಸಾವಿರಾರು ರೂಪಗಳು. ಕೀಲಿಗಳೋ ಐವತ್ತರ ಒಳಗೆ. ಆದ್ದರಿಂದ ಅಕ್ಷರಗಳನ್ನು ತುಂಡುಗಳಾಗಿ ಒಡೆಯಬೇಕಾಯಿತು: ತಲೆಕಟ್ಟು ಒಂದು ಕೀಲಿ, ಗುಡಿಸು ಒಂದು ಕೀಲಿ, ಒತ್ತು ಇನ್ನೊಂದು. ಅನಂತಸುಬ್ಬರಾವ್ ಅವರು ರೂಪಿಸಿದ ಜೋಡಣೆ ಸರ್ಕಾರಿ ಕಚೇರಿಗಳಲ್ಲೂ ಬೆರಳಚ್ಚು ಶಾಲೆಗಳಲ್ಲೂ ನೆಲೆಯೂರಿತು. ಅಲ್ಲಿ ಬೆರಳು ಕಲಿಯುತ್ತಿದ್ದುದು ಉಚ್ಚಾರಣೆಯನ್ನಲ್ಲ, ಅಕ್ಷರದ ಆಕಾರವನ್ನು.

1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರ್ ಆ ಬೆಸುಗೆಯನ್ನು ಬಿಡಿಸಿತು. ಅದರ 83 ಕೀಲಿಗಳ ಮಣೆ ಅಕ್ಷರಗಳನ್ನು ಕಳಿಸುತ್ತಲೇ ಇರಲಿಲ್ಲ. ಕೀಲಿ ಇರುವ ಜಾಗದ ಅಂಕಿಯನ್ನಷ್ಟೇ ಕಳಿಸುತ್ತಿತ್ತು. ಡಬ್ಲ್ಯು ಎಂದು ಬರೆದ ಕೀಲಿಯನ್ನು ಒತ್ತಿದರೆ 17, ಬಿಟ್ಟರೆ ಅದಕ್ಕೆ 128 ಸೇರಿಸಿ 145. 17 ಎಂದರೆ ಯಾವ ಅಕ್ಷರ ಎಂಬುದನ್ನು ತೀರ್ಮಾನಿಸುವುದು ಕಂಪ್ಯೂಟರಿನ ಒಳಗಿನ ತಂತ್ರಾಂಶದ ಕೆಲಸ. ಜರ್ಮನಿಯಲ್ಲಿ, ಫ್ರಾನ್ಸಿನಲ್ಲಿ ಬೇರೆ ಅಕ್ಷರ ಬೇಕಾದರೆ ಒಳಗಿನ ಪಟ್ಟಿ ಬದಲಿಸಿದರೆ ಸಾಕಿತ್ತು. ಒಂದೇ ಕೀಲಿಮಣೆಯಲ್ಲಿ ಹತ್ತು ಭಾಷೆಗಳಿಗೆ ಜಾಗವಾದದ್ದು ಈ ಒಂದು ತೀರ್ಮಾನದಿಂದ.

ಒಂದೇ ಜಾಗ, ಹಲವು ಲಿಪಿ

ಈ ಸ್ವಾತಂತ್ರ್ಯವನ್ನು ಭಾರತ ಚೆನ್ನಾಗಿಯೇ ಬಳಸಿಕೊಂಡಿತು. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಜೋಡಣೆಯನ್ನು ಗೊತ್ತುಮಾಡಿತು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಅದನ್ನು ತನ್ನ ಐಎಸ್ 13194 ಮಾನಕದಲ್ಲಿ ಸೇರಿಸಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳ ವರ್ಣಮಾಲೆ ಹೆಚ್ಚುಕಡಿಮೆ ಒಂದೇ. ಹಾಗಾದರೆ ಒಂದು ಧ್ವನಿಗೆ ಎಲ್ಲ ಲಿಪಿಗಳಲ್ಲೂ ಒಂದೇ ಜಾಗ ಯಾಕಿರಬಾರದು? ಎಡಗೈಗೆ ಸ್ವರಗಳು, ಬಲಗೈಗೆ ವ್ಯಂಜನಗಳು. ಕೆ ಎಂದು ಬರೆದ ಕೀಲಿ ಕನ್ನಡದಲ್ಲಿ ಕ, ಗುಜರಾತಿಯಲ್ಲೂ ಕ. ಎಚ್ ಎಂದು ಬರೆದದ್ದು ಎರಡರಲ್ಲೂ ಪ. ನರೋಡಾದ ಮಗು ಗುಜರಾತಿ ಇನ್‌ಸ್ಕ್ರಿಪ್ಟ್ ಕಲಿತರೆ ಕನ್ನಡದ್ದನ್ನು ಬೇರೆಯಾಗಿ ಕಲಿಯಬೇಕಿಲ್ಲ.

ಕನ್ನಡ ಇನ್ನೊಂದು ದಾರಿಯನ್ನೂ ಕಂಡುಕೊಂಡಿತು. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ, ಅಚ್ಚಿನ ತಂತ್ರಜ್ಞಾನದ ಮಾನೋಟೈಪ್ ಕಂಪನಿಯಲ್ಲಿ ದುಡಿದ ನಾಡೋಜ ಕೆ.ಪಿ. ರಾವ್ ಇಂಗ್ಲಿಷ್ ಕೀಲಿಗಳ ಹೆಸರಿನ ಧ್ವನಿಯನ್ನೇ ಹಿಡಿದು ಕನ್ನಡದ ಜೋಡಣೆ ಮಾಡಿದರು. ಕೆ ಒತ್ತಿದರೆ ಕ, ಎಸ್ ಒತ್ತಿದರೆ ಸ, ಡಿ ಒತ್ತಿದರೆ ದ. ಒತ್ತಕ್ಷರ ಬೇಕಾದಾಗ ನಡುವೆ ಎಫ್. ಇಪ್ಪತ್ತಾರು ಅಕ್ಷರದ ಕೀಲಿಗಳು ಮತ್ತು ಶಿಫ್ಟ್ ಇಷ್ಟರಲ್ಲೇ ಇಡೀ ಕನ್ನಡ ಬರುತ್ತದೆ. ಗುಣಿತ, ಒತ್ತುಗಳ ಆಕಾರವನ್ನು ನೋಡಿಕೊಳ್ಳುವುದು ಯಂತ್ರದ ಪಾಲು. ಅವರ ಸೇಡಿಯಾಪು ತಂತ್ರಾಂಶದಲ್ಲಿದ್ದ ಈ ಜೋಡಣೆಯನ್ನು ಕನ್ನಡ ಗಣಕ ಪರಿಷತ್ತು ನುಡಿಯಲ್ಲಿ ಬಳಸಿತು, ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದ ಮೇಲೆ ಮನೆಮನೆಯ ಕಂಪ್ಯೂಟರಿನಲ್ಲೂ ಕನ್ನಡ ಮೂಡಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡವೂ ಗುಜರಾತಿಯೂ ಒಟ್ಟಿಗೆ ಕಾರ್ಯಾಚರಣ ವ್ಯವಸ್ಥೆಯ ಒಳಗೇ ಬಂದವು.

ಅಂದರೆ ಹೊಸ ಶತಮಾನ ಶುರುವಾಗುವ ಹೊತ್ತಿಗೆ ಭಾರತೀಯ ಭಾಷೆಗಳ ಮಟ್ಟಿಗೆ ಪ್ರಶ್ನೆ ಬಗೆಹರಿದಿತ್ತು: ಕೀಲಿ ಎಂದರೆ ಜಾಗ, ಅಕ್ಷರ ಅದರ ಮೇಲೆ ತೊಡಿಸಿದ ಅಂಗಿ. ಆದರೆ ಅದೇ ಹೊತ್ತಿಗೆ ಬ್ರೌಸರ್ ಎಂಬ ಹೊಸ ಪದರ ಬಂದು ಕೂತಿತ್ತು. ಅದಕ್ಕೆ ಈ ಪಾಠ ಗೊತ್ತಿರಲಿಲ್ಲ.

ಬ್ರೌಸರಿನ ಗೊಂದಲ

ಬ್ರೌಸರ್ ಹುಟ್ಟಿದ್ದು ಓದುವುದಕ್ಕೆ. ಕೀಲಿ ಒತ್ತಿದ್ದನ್ನು ಪುಟಕ್ಕೆ ತಿಳಿಸುವ ವ್ಯವಸ್ಥೆ ಬಂದದ್ದು 1997ರಲ್ಲಿ, ನೆಟ್‌ಸ್ಕೇಪ್ ಮತ್ತು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗಳ ನಾಲ್ಕನೇ ಆವೃತ್ತಿಗಳಲ್ಲಿ. ಎರಡೂ ಪೈಪೋಟಿಯಲ್ಲಿ ತಮ್ಮ ತಮ್ಮ ರೀತಿಯಲ್ಲಿ ಮಾಡಿದವು. ಒತ್ತಿದ ಕೀಲಿಗೆ ಕೀಕೋಡ್ ಎಂಬ ಅಂಕಿ ಬಳಕೆಗೆ ಬಂತು. ಅದು ಪೂರ್ತಿ ಜಾಗವೂ ಅಲ್ಲ, ಪೂರ್ತಿ ಅಕ್ಷರವೂ ಅಲ್ಲ. ಡಬ್ಲ್ಯುಗೆ 87, ಬಲಬಾಣಕ್ಕೆ 39. ಆದರೆ ಅಕ್ಷರಗಳ ಲೆಕ್ಕದಲ್ಲಿ 39 ಎಂದರೆ ಉದ್ಧರಣ ಚಿಹ್ನೆ. ಯಾವ ಬ್ರೌಸರ್ ಯಾವಾಗ ಯಾವ ಅರ್ಥದಲ್ಲಿ 39 ಎನ್ನುತ್ತಿದೆ ಎಂದು ಆಟ ಬರೆಯುವವರೇ ಊಹಿಸಬೇಕಿತ್ತು. ಅರ್ಧವಿರಾಮದ ಕೀಲಿಗೆ ಒಂದು ಬ್ರೌಸರ್ 186 ಎಂದರೆ ಇನ್ನೊಂದು 59 ಎನ್ನುತ್ತಿತ್ತು.

ಇದನ್ನು ನೇರ್ಪಡಿಸಬೇಕಿದ್ದುದು ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ. 2000ದ ನವೆಂಬರಿನಲ್ಲಿ ಅದು ಹೊರತಂದ ಮಾನಕದಲ್ಲಿ ಮೌಸ್ ಕ್ಲಿಕ್ಕಿಗೆ ವಿವರವಾದ ನಿಯಮಗಳಿದ್ದವು. ಕೀಲಿಮಣೆಯ ಭಾಗವನ್ನು ಮಾತ್ರ ಮುಂದಿನ ಆವೃತ್ತಿಗೆ ಬಿಡಲಾಗಿತ್ತು. ಆ ಮುಂದಿನ ಆವೃತ್ತಿ ನೆಲೆಗೊಳ್ಳಲು ಒಂದೂವರೆ ದಶಕ ಹಿಡಿಯಿತು. ಲೋಕದ ಎಲ್ಲ ಭಾಷೆಗಳನ್ನೂ ಗಣನೆಗೆ ತೆಗೆದುಕೊಂಡರೆ ಕೀಲಿ ಎಂಬುದು ಅಷ್ಟು ಸುಲಭದ ವಸ್ತುವಲ್ಲ.

ಆ ನಡುವಿನ ಕಾಲವನ್ನು ತುಂಬಿದ್ದು ಫ್ಲ್ಯಾಶ್. ಬ್ರೌಸರಿನ ಒಳಗೆ ಕೂತ ಈ ಪ್ಲಗಿನ್ ತನ್ನದೇ ರೀತಿಯಲ್ಲಿ ಕೀಲಿಗಳನ್ನು ಓದುತ್ತಿತ್ತು. ಸೈಬರ್ ಕೆಫೆಗಳಲ್ಲಿ, ಶಾಲೆಯ ಕಂಪ್ಯೂಟರ್ ಕೊಠಡಿಗಳಲ್ಲಿ ಒಂದು ತಲೆಮಾರು ಆಡಿ ಬೆಳೆದದ್ದು ಇದರಲ್ಲೇ. 2009ರ ಫೈರ್‌ಬಾಯ್ ಅಂಡ್ ವಾಟರ್‌ಗರ್ಲ್ ಆಟದಲ್ಲಿ ಅಣ್ಣನಿಗೆ ಬಾಣದ ಕೀಲಿಗಳು, ತಂಗಿಗೆ ಡಬ್ಲ್ಯು, ಎ, ಡಿ. ಇಬ್ಬರ ಜಗಳಕ್ಕೂ ಒಂದೇ ಕೀಲಿಮಣೆ. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಅದರಲ್ಲಿ ಆಟಗಳು ತೆರೆಯುವುದೇ ನಿಂತಿತು. ಹಳೆಯ ಆಟಗಳಲ್ಲಿ ಕೆಲವು ರಫಲ್ ಎಂಬ ಅನುಕರಣ ತಂತ್ರಾಂಶದ ಮೂಲಕ ಈಗಲೂ ನಡೆಯುತ್ತವೆ. ಉಳಿದವನ್ನು ಬ್ರೌಸರಿನ ಸ್ವಂತ ಭಾಷೆಯಲ್ಲಿ ಹೊಸದಾಗಿ ಬರೆಯಬೇಕಾಯಿತು. ಹಾಗೆ ಬರೆಯುವಾಗ ಹಳೆಯ ಪ್ರಶ್ನೆ ಮತ್ತೆ ಎದುರಾಯಿತು.

ಎರಡು ಉತ್ತರ, ಒಂದು ಆಯ್ಕೆ

ಇಂದು ಬ್ರೌಸರ್ ಪ್ರತಿ ಕೀಲಿಗೂ ಎರಡು ಸಂಗತಿ ಹೇಳುತ್ತದೆ. ಒಂದರ ಹೆಸರು ಕೀ: ಈ ಕೀಲಿಯಿಂದ ಈಗ ಯಾವ ಅಕ್ಷರ ಬಂತು. ಇನ್ನೊಂದರ ಹೆಸರು ಕೋಡ್: ಮಣೆಯಲ್ಲಿ ಯಾವ ಜಾಗದ ಕೀಲಿ ಒತ್ತಲಾಯಿತು. ಜಾಗವನ್ನು ಹೇಳುವ ಕೋಡ್ ಫೈರ್‌ಫಾಕ್ಸ್‌ಗೆ 2015ರಲ್ಲಿ, ಕ್ರೋಮ್‌ಗೆ 2016ರಲ್ಲಿ ಬಂತು. ಐಬಿಎಂ 1981ರಲ್ಲಿ ಕಳಿಸುತ್ತಿದ್ದ ಮಾಹಿತಿ ಆಟ ಬರೆಯುವವರ ಕೈಗೆ ತಲುಪಲು ಮೂವತ್ತೈದು ವರ್ಷ ಬೇಕಾಯಿತು.

ಡಬ್ಲ್ಯು, ಎ, ಎಸ್, ಡಿ ಎಂಬ ನಾಲ್ಕು ಕೀಲಿಗಳನ್ನು ಆಟಗಾರರು ಒಪ್ಪಿಕೊಂಡದ್ದು ಅವುಗಳ ಅಕ್ಷರಕ್ಕಾಗಿ ಅಲ್ಲ. ತೊಂಬತ್ತರ ದಶಕದ ಕ್ವೇಕ್ ಆಟದಲ್ಲಿ ಥ್ರೆಶ್ ಎಂದು ಹೆಸರಾದ ಡೆನ್ನಿಸ್ ಫಾಂಗ್ ಈ ಕೀಲಿಗಳಲ್ಲಿ ಆಡಿ ಗೆಲ್ಲತೊಡಗಿದ ಮೇಲೆ ಅವು ಜನಪ್ರಿಯವಾದವು. ಬಲಗೈ ಮೌಸಿನ ಮೇಲಿದ್ದಾಗ ಎಡಗೈಯ ಮೂರು ಬೆರಳು ಸಲೀಸಾಗಿ ಕೂರುವ ಜಾಗ ಅದು. ಬೇಕಾದದ್ದು ಜಾಗ. ಆದರೂ ಎಷ್ಟೋ ಆಟಗಳಲ್ಲಿ ಬರೆದಿರುವುದು 'ಬಂದ ಅಕ್ಷರ ಸಣ್ಣ ಡಬ್ಲ್ಯು ಆಗಿದ್ದರೆ ಮುಂದೆ ನಡೆ' ಎಂದೇ. ಕನ್ನಡ ಅಥವಾ ಗುಜರಾತಿ ಇನ್‌ಸ್ಕ್ರಿಪ್ಟ್ ಚಾಲೂ ಇದ್ದರೆ ಆ ಜಾಗದಿಂದ ಬರುವುದು ಐತ್ವದ ಗುರುತು. ಎ ಜಾಗದಿಂದ ಓತ್ವ, ಎಸ್ ಜಾಗದಿಂದ ಏತ್ವ, ಡಿ ಜಾಗದಿಂದ ಅರ್ಧಾಕ್ಷರದ ಗುರುತು. ಕೆ.ಪಿ. ರಾವ್ ಜೋಡಣೆಯಲ್ಲಾದರೆ ಡಬ್ಲ್ಯುಗೆ ಡ. ಆಟಕ್ಕೆ ಇದ್ಯಾವುದೂ ಅರ್ಥವಾಗುವುದಿಲ್ಲ, ಗೊಂಬೆ ನಿಂತೇ ಇರುತ್ತದೆ. ಬಾಣಗಳು ಯಾವ ಭಾಷೆಯಲ್ಲೂ ಬಾಣಗಳೇ ಆದ್ದರಿಂದ ಅವು ನಡೆಯುತ್ತವೆ. ಕ್ಯಾಪ್ಸ್ ಲಾಕ್ ಉರಿಯುತ್ತಿದ್ದರೂ ಇದೇ ಕತೆ: ಸಣ್ಣಕ್ಷರದ ಬದಲು ದೊಡ್ಡಕ್ಷರ ಬರುತ್ತದೆ, ಆಟ ಗುರುತಿಸುವುದಿಲ್ಲ.

ಹಳೆಯ ಕೀಕೋಡ್ ನಂಬಿದ ಆಟಗಳು ಕನ್ನಡ ಇನ್‌ಸ್ಕ್ರಿಪ್ಟ್ ಚಾಲೂ ಇದ್ದಾಗಲೂ ಹಲವು ಸಲ ಸರಿಯಾಗಿಯೇ ನಡೆಯುತ್ತವೆ. ವಿಂಡೋಸ್ ಆ ಕೀಲಿಗೆ ಒಳಗೊಳಗೇ ಇಂಗ್ಲಿಷಿನ ಅಂಕಿಯನ್ನೇ ಉಳಿಸಿಕೊಂಡಿರುವುದು ಇದಕ್ಕೆ ಕಾರಣ. ಹಾಗಾಗಿ ಹಳೆಯ ಆಟ ನಡೆದು ಹೊಸ ಆಟ ನಿಂತರೆ ಕೀಲಿಮಣೆಯನ್ನು ದೂರಿ ಫಲವಿಲ್ಲ. ಧ್ವನಿ ಹಿಡಿದು ಬರೆಯುವ ವಿಧಾನಗಳಲ್ಲಿ ಇನ್ನೊಂದು ತೊಡಕಿದೆ. ವಿಂಡೋಸ್ 10ರ 2019ರ ಮೇ ಆವೃತ್ತಿಯಲ್ಲಿ ಕನ್ನಡಕ್ಕೂ ಗುಜರಾತಿಗೂ ಬಂದ ಫೊನೆಟಿಕ್ ಕೀಲಿಮಣೆ ಅಂಥದು. ಇಡೀ ಪದ ಮುಗಿಯುವವರೆಗೆ ಅದು ಅಕ್ಷರಗಳನ್ನು ತನ್ನ ಬಳಿ ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟು ಹೊತ್ತು ಬ್ರೌಸರಿಗೆ ಸಿಗುವ ಹಳೆಯ ಅಂಕಿ 229. ಅದರ ಅರ್ಥ ಇಷ್ಟೇ: ಕೀಲಿ ಬಂದಿದೆ, ಬೇರೊಬ್ಬರು ಅದರ ಕೆಲಸ ಮಾಡುತ್ತಿದ್ದಾರೆ.

ಬೇರೆ ಕಾರಣಗಳು

ಕೀಲಿ ಕೈಕೊಟ್ಟ ಪ್ರತಿ ಸಲವೂ ಭಾಷೆಯೇ ಕಾರಣವಲ್ಲ. ಎರಡು ಮಕ್ಕಳು ಒಟ್ಟಿಗೆ ಆಡುವಾಗ ಒಬ್ಬರ ಗೊಂಬೆ ನಡುನಡುವೆ ನಿಂತರೆ ಅದು ಮಣೆಯ ಒಳಗಿನ ತಂತಿಯ ಮಿತಿ. ಪ್ರತಿ ಕೀಲಿಗೂ ಬೇರೆ ತಂತಿ ಎಳೆದರೆ ದುಬಾರಿ. ಅದಕ್ಕೆ ಅಡ್ಡ ಸಾಲು, ಉದ್ದ ಸಾಲುಗಳ ಜಾಲ ಹೆಣೆದು ಅವು ಸೇರುವ ಕಡೆಯೆಲ್ಲ ಒಂದೊಂದು ಕೀಲಿ ಇಡುತ್ತಾರೆ. ಈ ಜಾಲದಲ್ಲಿ ಒಂದು ಚೌಕದ ಮೂರು ಮೂಲೆಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ಕಾಣುತ್ತದೆ. ಇದಕ್ಕೆ ಗೋಸ್ಟಿಂಗ್ ಎಂದು ಹೆಸರು. ಅದನ್ನು ತಪ್ಪಿಸಲು ಅಗ್ಗದ ಮಣೆಗಳು ಮೂರನೆಯ ಕೀಲಿಯನ್ನೇ ನುಂಗಿಬಿಡುತ್ತವೆ. ಸರಳ ಯುಎಸ್‌ಬಿ ಕ್ರಮದಲ್ಲಿ ಶಿಫ್ಟ್, ಕಂಟ್ರೋಲ್‌ಗಳನ್ನು ಬಿಟ್ಟು ಒಮ್ಮೆಗೆ ಆರು ಕೀಲಿಗಳನ್ನಷ್ಟೇ ಹೇಳಲು ಜಾಗವಿದೆ. ಒಬ್ಬರಿಗೆ ಬೇರೆ ಕೀಲಿಗಳನ್ನು ಗೊತ್ತುಮಾಡುವುದು ಅಥವಾ ಇನ್ನೊಂದು ಕೀಲಿಮಣೆ ಜೋಡಿಸುವುದು ಇದಕ್ಕೆ ಪರಿಹಾರ.

ಆಟ ತೆರೆದ ಕೂಡಲೇ ಯಾವ ಕೀಲಿಯೂ ನಡೆಯದಿದ್ದರೆ ಒಮ್ಮೆ ಆಟದ ಮೇಲೆ ಕ್ಲಿಕ್ ಮಾಡಬೇಕು. ಪುಟದೊಳಗೆ ಆಟ ಇನ್ನೊಂದು ಚೌಕಟ್ಟಿನಲ್ಲಿರುತ್ತದೆ, ಕೀಲಿಗಳು ಹೊರಗಿನ ಪುಟಕ್ಕೆ ಹೋಗುತ್ತಿರುತ್ತವೆ. ಬಾಣ ಒತ್ತಿದಾಗ ಇಡೀ ಪುಟ ಮೇಲೆ ಕೆಳಗೆ ಸರಿಯುವುದೂ ಸಾಮಾನ್ಯವಾಗಿ ಇದರ ಗುರುತೇ. ಗೊಂಬೆ ತಾನಾಗಿಯೇ ಓಡುತ್ತಲೇ ಇದ್ದರೆ, ಕೀಲಿ ಒತ್ತಿ ಹಿಡಿದಿರುವಾಗ ಕಿಟಕಿ ಬದಲಾಗಿರುತ್ತದೆ. ಬಿಟ್ಟದ್ದು ಆಟಕ್ಕೆ ತಿಳಿದೇ ಇಲ್ಲ. ಅದೇ ಕೀಲಿಯನ್ನು ಮತ್ತೊಮ್ಮೆ ಒತ್ತಿ ಬಿಟ್ಟರೆ ನಿಲ್ಲುತ್ತದೆ. ಕಂಟ್ರೋಲ್ ಒತ್ತಿ ಬಗ್ಗುತ್ತಾ ಡಬ್ಲ್ಯು ಒತ್ತಿ ಮುಂದೆ ಹೋದರೆ ಆಟದ ಟ್ಯಾಬೇ ಮುಚ್ಚಿಹೋಗುತ್ತದೆ. ಆ ಜೋಡಿ ಬ್ರೌಸರಿನ ಸ್ವಂತ ಆಜ್ಞೆ, ಬಗ್ಗುವ ಕೆಲಸಕ್ಕೆ ಬೇರೆ ಕೀಲಿ ಇಟ್ಟುಕೊಳ್ಳುವುದೇ ಒಳ್ಳೆಯದು. ಓಡಲೆಂದು ಶಿಫ್ಟ್ ಅನ್ನು ಐದು ಸಲ ತಟ್ಟಿದರೆ ಸ್ಟಿಕಿ ಕೀಸ್ ಕಿಟಕಿ ಏಳುತ್ತದೆ. ಒಂದೊಂದೇ ಬೆರಳಲ್ಲಿ ಒತ್ತುವವರ ಅನುಕೂಲಕ್ಕೆ ಇರುವ ವ್ಯವಸ್ಥೆ ಅದು. ಅದರ ಶಾರ್ಟ್‌ಕಟ್ ಒಂದನ್ನು ಆರಿಸಿದರೆ ಸಾಕು.

ಹುಡುಕುವ ಕ್ರಮ

ಮೊದಲು ನೋಟ್‌ಪ್ಯಾಡ್ ತೆರೆದು ಆ ನಾಲ್ಕು ಕೀಲಿಗಳನ್ನು ಒತ್ತಬೇಕು. ಏನೂ ಮೂಡದಿದ್ದರೆ ಮಾತ್ರ ಕೀಲಿಮಣೆಯನ್ನೋ ಅದರ ತಂತಿಯನ್ನೋ ಅನುಮಾನಿಸಬೇಕು. ಕನ್ನಡವೋ ಗುಜರಾತಿಯೋ ಮೂಡಿದರೆ ಕಾರಣ ಅಲ್ಲೇ ಸಿಕ್ಕಿತು. ಇಂಗ್ಲಿಷ್ ದೊಡ್ಡಕ್ಷರ ಮೂಡಿದರೆ ಕ್ಯಾಪ್ಸ್ ಲಾಕ್. ಸಣ್ಣಕ್ಷರವೇ ಮೂಡಿಯೂ ಆಟ ನಡೆಯದಿದ್ದರೆ ಕ್ಲಿಕ್ ಮಾಡಿ, ಪುಟವನ್ನು ಮತ್ತೆ ತೆರೆದು, ಬ್ರೌಸರಿಗೆ ಸೇರಿಸಿದ ವಿಸ್ತರಣೆಗಳನ್ನು ನಿಲ್ಲಿಸಿ ನೋಡಬೇಕು. ನುಡಿ ಬಳಸುವವರು ಸ್ಕ್ರಾಲ್ ಲಾಕ್ ದೀಪವನ್ನೂ ಗಮನಿಸಬೇಕು.

ಭಾಷೆಯೇ ಕಾರಣವಾಗಿದ್ದರೆ ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬಂದರೆ ಆಯಿತು. ಆಟದ ನಡುವೆ ಎಡಗೈ ಆಲ್ಟ್ ಮತ್ತು ಶಿಫ್ಟ್‌ಗಳನ್ನು ಗೊತ್ತಿಲ್ಲದೆ ಒಟ್ಟಿಗೆ ಒತ್ತಿ ಭಾಷೆ ಬದಲಾಗುತ್ತಿದ್ದರೆ ಆ ಶಾರ್ಟ್‌ಕಟ್ಟನ್ನು ಸೆಟ್ಟಿಂಗ್ಸ್‌ನ ಸುಧಾರಿತ ಕೀಲಿಮಣೆ ಆಯ್ಕೆಗಳಲ್ಲಿ ತೆಗೆಯಬಹುದು. ಪ್ರತಿ ಕಿಟಕಿಗೂ ಬೇರೆ ಭಾಷೆ ಇಟ್ಟುಕೊಳ್ಳುವ ಆಯ್ಕೆಯೂ ಅಲ್ಲೇ ಇದೆ. ಅದನ್ನು ಆರಿಸಿದರೆ ಬ್ರೌಸರ್ ಇಂಗ್ಲಿಷಿನಲ್ಲಿ ಇರುತ್ತದೆ, ಪತ್ರ ಬರೆಯುವ ಕಿಟಕಿ ಕನ್ನಡದಲ್ಲೇ ಇರುತ್ತದೆ. ಎರಡೂ ಒಂದರ ದಾರಿಗೆ ಒಂದು ಬರುವುದಿಲ್ಲ.

ಕನ್ನಡವನ್ನು ತೆಗೆದುಹಾಕುವ ಅಗತ್ಯ ಇದರಲ್ಲಿ ಎಲ್ಲಿಯೂ ಬರುವುದಿಲ್ಲ. ಇಂಥ ಸಲಹೆ ಕನ್ನಡಿಗರಿಗೆ ಮಾತ್ರ ಸಿಕ್ಕದ್ದೂ ಅಲ್ಲ. ರಷ್ಯನ್, ಗ್ರೀಕ್ ಲಿಪಿಯವರಿಗೆ ಇದೇ ತೊಂದರೆ. ಫ್ರೆಂಚರ ಮಣೆಯಲ್ಲಿ ಡಬ್ಲ್ಯು ಜಾಗದಲ್ಲಿ ಜೆಡ್ ಇರುವುದರಿಂದ ಲ್ಯಾಟಿನ್ ಲಿಪಿಯವರಾದ ಅವರಿಗೂ ಇದು ತಪ್ಪಿದ್ದಲ್ಲ. ವ್ಯತ್ಯಾಸ ಇಷ್ಟೇ: ಫ್ರಾನ್ಸಿನಲ್ಲಿ ಫ್ರೆಂಚ್ ತೆಗೆದುಹಾಕಿ ಎಂದು ಯಾರೂ ಹೇಳುವುದಿಲ್ಲ, ಆಟ ಸರಿಯಾಗಿ ಬರೆದಿಲ್ಲ ಎನ್ನುತ್ತಾರೆ. ಊರಿಂದ ದೂರ ಇರುವ ಮನೆಯಲ್ಲಿ ಮಕ್ಕಳು ಕನ್ನಡ ಅಕ್ಷರ ನೋಡುವ ಜಾಗಗಳೇ ಕಡಿಮೆ. ಅವುಗಳಲ್ಲಿ ಒಂದಾದ ಕಂಪ್ಯೂಟರಿನಲ್ಲಿ ಕನ್ನಡ ಎಂದರೆ ಆಟ ಕೆಡಿಸುವ ಕಾಟ ಎಂದು ಮಗುವಿಗೆ ಒಮ್ಮೆ ಅನ್ನಿಸಿದರೆ ಆ ಪಾಠವನ್ನು ಅಳಿಸುವುದು ಕಷ್ಟ.

ಆಟ ಬರೆಯುವವರಿಗೆ ಇದನ್ನು ಸರಿಪಡಿಸುವುದು ದೊಡ್ಡ ಕೆಲಸವಲ್ಲ. ಅಕ್ಷರವನ್ನು ಕೇಳುವ ಕಡೆ ಜಾಗವನ್ನು ಕೇಳಿದರೆ ಸಾಕು, ಸಾಮಾನ್ಯವಾಗಿ ಒಂದೆರಡು ಸಾಲಿನ ಬದಲಾವಣೆ. ಇನ್‌ಸ್ಕ್ರಿಪ್ಟ್ ರೂಪಿಸಿದವರು 1986ರಲ್ಲೇ ಇದನ್ನು ಅರಿತಿದ್ದರು: ಬೆರಳಿಗೆ ಗೊತ್ತಿರುವುದು ಜಾಗ, ಅದೇ ಜಾಗದಲ್ಲಿ ಗುಜರಾತಿಯೂ ಕನ್ನಡವೂ ಇಂಗ್ಲಿಷೂ ಒಂದಕ್ಕೊಂದು ಅಡ್ಡ ಬಾರದೆ ಇರಬಲ್ಲವು.